ಖಗೋಳ ಚಿತ್ರಗಳ ವಿಶ್ಲೇಷಣೆಗೆ ಕಮಾಂಡ್ ಲೈನ್ ಮತ್ತು ಪ್ರೋಗ್ರಾಮಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಖಗೋಳ ಚಿತ್ರಗಳನ್ನು ನೋಡಿ ಆನಂದಿಸುವುದರ ಜೊತೆಗೆ ಅವನ್ನು ಅಳೆಯಲೂ ಹೊರಟವರು ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಮೊದಲಿನವು ಈಗಷ್ಟೇ ಶುರುಮಾಡುವವರಿಗೆ, ಕೊನೆಯವು ಸ್ವಲ್ಪ ಕೈಪಳಗಿದವರಿಗೆ. ಕಮಾಂಡ್ ಲೈನ್ ಎಂದರೆ ಆದೇಶಗಳನ್ನು ಅಕ್ಷರಗಳಲ್ಲಿ ಬರೆದು ಕಂಪ್ಯೂಟರಿನಿಂದ ಕೆಲಸ ಮಾಡಿಸುವ ಬಗೆ; ಅವನ್ನು ಬರೆಯುವ ಕಿಟಕಿ ಟರ್ಮಿನಲ್, ಓದಿ ನಡೆಸುವ ತಂತ್ರಾಂಶ ಶೆಲ್. ಆದೇಶಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದೆ. ಕೀಲಿಮಣೆಯಲ್ಲಿ ಅವನ್ನು ಇಂಗ್ಲಿಷಿನ ಚಿಕ್ಕ ಅಕ್ಷರಗಳಲ್ಲೇ ಒತ್ತಬೇಕು.

## ಶುರುಮಾಡುವ ಮುನ್ನ

ನನಗೆ ಪ್ರೋಗ್ರಾಮಿಂಗ್ ಏನೂ ಗೊತ್ತಿಲ್ಲ, ಗಣಿತವೂ ಅಷ್ಟಕ್ಕಷ್ಟೆ. ಇದನ್ನು ಕಲಿಯಲು ಆಗುತ್ತದೆಯೇ?

ಆಗುತ್ತದೆ. ಡಿಜಿಟಲ್ ಖಗೋಳ ಚಿತ್ರವೆಂದರೆ ಅಡ್ಡಸಾಲು ಮತ್ತು ಕಂಬಸಾಲುಗಳಲ್ಲಿ ಜೋಡಿಸಿದ ಸಂಖ್ಯೆಗಳ ಒಂದು ದೊಡ್ಡ ಕೋಷ್ಟಕ; ಪ್ರತಿ ಸಂಖ್ಯೆಯೂ ಆ ಪಿಕ್ಸೆಲ್ ಮೇಲೆ ಎಷ್ಟು ಬೆಳಕು ಬಿತ್ತೆಂಬುದನ್ನು ಹೇಳುತ್ತದೆ. ಆರಂಭದ ಹಂತದಲ್ಲಿ ಮಾಡುವ ಕೆಲಸವೆಲ್ಲ ಈ ಸಂಖ್ಯೆಗಳನ್ನು ಕೂಡುವುದು, ಕಳೆಯುವುದು, ಭಾಗಿಸುವುದು, ಸರಾಸರಿ ತೆಗೆಯುವುದು, ಮತ್ತು ಒಂದೆರಡು ಕಡೆ ಲಾಗರಿದಮ್ ಬಳಸುವುದು. ಹೈಸ್ಕೂಲಿನ ಗಣಿತ ಇದಕ್ಕೆ ಸಾಕು. ಪ್ರೋಗ್ರಾಮಿಂಗನ್ನು ಪೂರ್ತಿಯಾಗಿ ಕಲಿತು ಆಮೇಲೆ ಚಿತ್ರಗಳಿಗೆ ಬರುತ್ತೇನೆ ಎಂದುಕೊಂಡವರು ಹೆಚ್ಚಾಗಿ ನಡುದಾರಿಯಲ್ಲೇ ಬಿಟ್ಟುಬಿಡುತ್ತಾರೆ. ಒಂದು ನಿಜವಾದ ಚಿತ್ರವನ್ನು ಎದುರಿಗಿಟ್ಟುಕೊಂಡು, ಅದರ ಬಗ್ಗೆ ಒಂದು ಪ್ರಶ್ನೆ ಕೇಳಿಕೊಂಡು, ಆ ಪ್ರಶ್ನೆಗೆ ಬೇಕಾದಷ್ಟನ್ನೇ ಕಲಿಯುತ್ತ ಹೋಗುವುದು ಒಳ್ಳೆಯ ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಫೋಟೋ ತಿದ್ದುವ ಸಾಫ್ಟ್‌ವೇರ್ ಬೇಕಾದಷ್ಟಿದೆಯಲ್ಲ, ಮತ್ತೆ ಕಮಾಂಡ್ ಲೈನ್ ಯಾಕೆ?

ಚಿತ್ರ ಚೆನ್ನಾಗಿ ಕಾಣಬೇಕು ಎಂಬುದಷ್ಟೇ ಗುರಿಯಾದರೆ ಫೋಟೋ ತಿದ್ದುವ ತಂತ್ರಾಂಶವೇ ಸಾಕು. ಒಂದು ನಕ್ಷತ್ರ ನಿನ್ನೆಗಿಂತ ಇಂದು ಶೇ. 2ರಷ್ಟು ಮಂಕಾಗಿದೆಯೇ ಎಂದು ತಿಳಿಯಬೇಕಾದರೆ ಮಾತ್ರ ಅದು ಸಾಲದು, ಏಕೆಂದರೆ ಅಂಥ ತಂತ್ರಾಂಶಗಳು ಕಣ್ಣಿಗೆ ಹಿತವಾಗಲೆಂದು ಪಿಕ್ಸೆಲ್‌ಗಳ ಬೆಲೆಯನ್ನೇ ಬದಲಿಸುತ್ತವೆ, ಮತ್ತು ಹಾಗೆ ಬದಲಿಸಿದ ಮೇಲೆ ಬೆಳಕು ಇಮ್ಮಡಿಯಾದರೆ ಸಂಖ್ಯೆಯೂ ಇಮ್ಮಡಿಯಾಗುತ್ತದೆ ಎಂಬ ಭರವಸೆ ಉಳಿಯುವುದಿಲ್ಲ. ಇನ್ನೊಂದು ಕಾರಣವೂ ಇದೆ. ಮೌಸ್ ಗುಂಡಿ ಒತ್ತುತ್ತ ಮಾಡಿದ ಕೆಲಸ ಸಾಮಾನ್ಯವಾಗಿ ಎಲ್ಲಿಯೂ ದಾಖಲಾಗುವುದಿಲ್ಲ. ಆದೇಶಗಳಾಗಿ ಬರೆದಿಟ್ಟ ಕೆಲಸವನ್ನು ಆರು ತಿಂಗಳ ನಂತರವೂ ಅಕ್ಷರಶಃ ಹಾಗೆಯೇ ಮತ್ತೆ ನಡೆಸಬಹುದು, ಬೇರೆಯವರು ಪರಿಶೀಲಿಸಬಹುದು, ಮುನ್ನೂರು ಚಿತ್ರಗಳಿಗೆ ಒಂದೇ ಸಲ ಅನ್ವಯಿಸಬಹುದು.

ವಿಂಡೋಸ್ ಕಂಪ್ಯೂಟರ್ ಇದೆ. ಲಿನಕ್ಸ್ ಹಾಕಲೇಬೇಕೇ?

ಬೇಕಿಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯೂ ಅದರ ಖಗೋಳ ಗ್ರಂಥಾಲಯಗಳೂ (ಸಿದ್ಧ ಕೋಡ್‌ನ ಸಂಗ್ರಹಗಳು) ವಿಂಡೋಸ್‌ನಲ್ಲಿ ನೇರವಾಗಿ ನಡೆಯುತ್ತವೆ. ಆದರೆ ಖಗೋಳಜ್ಞರು ಬಳಸುವ ಹಲವು ಹಳೆಯ ಉಪಕರಣಗಳು ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆಯ ಮನೆತನದವು. ಅವು ಬೇಕಾದಾಗ 2016ರಿಂದ ಲಭ್ಯವಿರುವ ವಿಂಡೋಸ್ ಸಬ್‌ಸಿಸ್ಟಮ್ ಫಾರ್ ಲಿನಕ್ಸ್ ಎಂಬ ಸೌಲಭ್ಯವನ್ನು ಅಳವಡಿಸಿಕೊಂಡರೆ ವಿಂಡೋಸ್ ಒಳಗೇ ಲಿನಕ್ಸ್ ಟರ್ಮಿನಲ್ ಸಿಗುತ್ತದೆ. ಮ್ಯಾಕ್‌ನಲ್ಲಿ ಟರ್ಮಿನಲ್ ಮೊದಲೇ ಇರುತ್ತದೆ. 8 ಜಿಬಿ ಮೆಮೊರಿಯ ಸಾಧಾರಣ ಲ್ಯಾಪ್‌ಟಾಪ್ ಕಲಿಕೆಗೆ ಧಾರಾಳವಾಯಿತು.

ನನ್ನ ಬಳಿ ದೂರದರ್ಶಕವಿಲ್ಲ. ಅಭ್ಯಾಸಕ್ಕೆ ಚಿತ್ರಗಳು ಎಲ್ಲಿ ಸಿಗುತ್ತವೆ?

ದೂರದರ್ಶಕ ಇಲ್ಲದಿರುವುದು ಇಲ್ಲಿ ಕೊರತೆಯೇ ಅಲ್ಲ. ಹಬಲ್, ಕೆಪ್ಲರ್, ಟೆಸ್, ಜೇಮ್ಸ್ ವೆಬ್ ದೂರದರ್ಶಕಗಳ ದತ್ತಾಂಶ ಮಾಸ್ಟ್ ಎಂಬ ಭಂಡಾರದಲ್ಲಿದೆ. ಸ್ಲೋನ್ ಡಿಜಿಟಲ್ ಸ್ಕೈ ಸರ್ವೆಯ ಚಿತ್ರಗಳು ಸಾರ್ವಜನಿಕವಾಗಿವೆ. ಯುರೋಪಿಯನ್ ಸದರ್ನ್ ಅಬ್ಸರ್ವೇಟರಿಯ ಭಂಡಾರದಲ್ಲಿ ಸಂಸ್ಕರಿಸದ ಕಚ್ಚಾ ಚಿತ್ರಗಳೂ ಅವನ್ನು ತಿದ್ದಲು ಬೇಕಾದ ಮಾಪನಾಂಕ ಚಿತ್ರಗಳೂ ಸಿಗುತ್ತವೆ. ಆಕಾಶದ ಯಾವುದೇ ಭಾಗದ ಒಂದು ತುಣುಕು ಥಟ್ಟನೆ ಬೇಕೆಂದರೆ ನಾಸಾದ ಸ್ಕೈವ್ಯೂ ಸೇವೆ ಅನುಕೂಲ. ಒಂದು ಎಚ್ಚರಿಕೆ ಮಾತ್ರ ಇರಲಿ. ಸ್ಕೈವ್ಯೂನಲ್ಲಿ ಸಿಗುವ ಡಿಜಿಟೈಸ್ಡ್ ಸ್ಕೈ ಸರ್ವೆಯ ಚಿತ್ರಗಳು ಹಳೆಯ ಛಾಯಾಚಿತ್ರ ಫಲಕಗಳನ್ನು ಸ್ಕ್ಯಾನ್ ಮಾಡಿದವು. ಫಲಕದ ಕಪ್ಪಾಗುವಿಕೆ ಬೆಳಕಿಗೆ ನೇರ ಅನುಪಾತದಲ್ಲಿ ಇರುವುದಿಲ್ಲವಾದ್ದರಿಂದ ಕಡತ ತೆರೆಯುವುದು, ತೋರಿಸುವುದು, ಕತ್ತರಿಸುವುದು ಮುಂತಾದ ಅಭ್ಯಾಸಕ್ಕೆ ಅವು ಒಳ್ಳೆಯವಾದರೂ ಹೊಳಪನ್ನು ಅಳೆಯಲು ತಕ್ಕವಲ್ಲ.

## ಟರ್ಮಿನಲ್ ಜೊತೆ ಪರಿಚಯ

ನೂರಾರು ಕಮಾಂಡ್‌ಗಳಿವೆ. ಎಷ್ಟು ಕಲಿತರೆ ಸಾಕು?

ಹತ್ತು ಹನ್ನೆರಡು ಸಾಕು. ಎಲ್ಲಿದ್ದೇವೆ ಎಂದು ತಿಳಿಯಲು ಪಿಡಬ್ಲ್ಯೂಡಿ, ಫೋಲ್ಡರಿನಲ್ಲಿ ಏನಿದೆ ಎಂದು ನೋಡಲು ಎಲ್‌ಎಸ್, ಬೇರೆ ಫೋಲ್ಡರಿಗೆ ಹೋಗಲು ಸಿಡಿ, ಹೊಸ ಫೋಲ್ಡರ್ ಮಾಡಲು ಎಂಕೆಡಿರ್, ನಕಲು ಮಾಡಲು ಸಿಪಿ, ಸ್ಥಳ ಅಥವಾ ಹೆಸರು ಬದಲಿಸಲು ಎಂವಿ, ಪಠ್ಯ ಕಡತದ ಮೇಲ್ಭಾಗ ನೋಡಲು ಹೆಡ್, ಸಾಲುಗಳನ್ನು ಎಣಿಸಲು ಡಬ್ಲ್ಯೂಸಿ, ಪದ ಹುಡುಕಲು ಗ್ರೆಪ್, ಯಾವುದೇ ಆದೇಶದ ಕೈಪಿಡಿ ತೆರೆಯಲು ಮ್ಯಾನ್. ಇವುಗಳ ಜೊತೆಗೆ ಎರಡು ಅಭ್ಯಾಸಗಳು ಬಹಳ ಶ್ರಮ ಉಳಿಸುತ್ತವೆ: ಹೆಸರಿನ ಮೊದಲ ಕೆಲವು ಅಕ್ಷರ ಬರೆದು ಟ್ಯಾಬ್ ಕೀಲಿ ಒತ್ತಿ ಉಳಿದದ್ದನ್ನು ಶೆಲ್‌ಗೇ ಬಿಡುವುದು, ಮತ್ತು ಮೇಲಿನ ಬಾಣದ ಕೀಲಿಯಿಂದ ಹಿಂದಿನ ಆದೇಶಗಳನ್ನು ಮರಳಿ ತರುವುದು.

ಇಷ್ಟರ ಮೇಲೆ ಕಲಿಯಬೇಕಾದ್ದು ಪೈಪ್ ಎಂಬ ಲಂಬ ಗೆರೆ. ಒಂದು ಆದೇಶದ ಉತ್ತರವನ್ನು ಇನ್ನೊಂದಕ್ಕೆ ದಾಟಿಸುವ ಈ ಪುಟ್ಟ ಚಿಹ್ನೆಯೇ ಟರ್ಮಿನಲ್‌ನ ನಿಜವಾದ ಬಲ. ಕಡತಗಳ ಪಟ್ಟಿಯನ್ನು ಎಲ್‌ಎಸ್ ಕೊಡುತ್ತದೆ, ಅದರಲ್ಲಿ ಕೆಂಪು ಫಿಲ್ಟರಿನವನ್ನು ಗ್ರೆಪ್ ಆರಿಸುತ್ತದೆ, ಎಷ್ಟಿವೆ ಎಂದು ಡಬ್ಲ್ಯೂಸಿ ಎಣಿಸುತ್ತದೆ. ಮೂರನ್ನೂ ಒಂದೇ ಸಾಲಿನಲ್ಲಿ ಪೋಣಿಸಬಹುದು.

ಏನೋ ಒಂದು ತಪ್ಪಾಗಿ ಒತ್ತಿ ಎಲ್ಲವೂ ಅಳಿಸಿಹೋದರೆ ಎಂಬ ಭಯ. ಏನು ಮಾಡಲಿ?

ಭಯಕ್ಕೆ ಕಾರಣವಿದೆ. ಆರ್‌ಎಂ ಆದೇಶದಿಂದ ಅಳಿಸಿದ ಕಡತ ಯಾವ ಕಸದ ಬುಟ್ಟಿಗೂ ಹೋಗುವುದಿಲ್ಲ, ನೇರವಾಗಿ ಹೋಗಿಯೇಬಿಡುತ್ತದೆ. ಎಂವಿ ಮತ್ತು ಸಿಪಿ ಕೂಡ ಅದೇ ಹೆಸರಿನ ಕಡತ ಮೊದಲೇ ಇದ್ದರೆ ಕೇಳದೆಯೇ ಅದರ ಮೇಲೆ ಬರೆಯುತ್ತವೆ. ಆದ್ದರಿಂದ ಮೂರು ಕಟ್ಟುಪಾಡುಗಳನ್ನು ಮೊದಲ ದಿನದಿಂದಲೇ ಪಾಲಿಸಬೇಕು. ಕಚ್ಚಾ ಚಿತ್ರಗಳಿಗೆ ಬೇರೆಯೇ ಫೋಲ್ಡರ್ ಇರಲಿ, ಸಿಎಚ್‌ಮೋಡ್ ಆದೇಶದಿಂದ ಅದನ್ನೂ ಅದರೊಳಗಿನ ಕಡತಗಳನ್ನೂ ಓದಲು ಮಾತ್ರ ಎಂದು ಮಾಡಿ. ಸಂಸ್ಕರಿಸಿದ ಪ್ರತಿಯೊಂದು ಚಿತ್ರವನ್ನೂ ಹೊಸ ಹೆಸರಿನಲ್ಲಿ ಇನ್ನೊಂದು ಫೋಲ್ಡರಿಗೆ ಬರೆಯಿರಿ. ಯಾವ ಹೆಸರಿಗಾದರೂ ಹೊಂದುವ * ಎಂಬ ನಕ್ಷತ್ರ ಚಿಹ್ನೆಯನ್ನು ಬಳಸಿ ಹಲವು ಕಡತಗಳನ್ನು ಅಳಿಸುವ ಮುಂಚೆ ಅದೇ ಚಿಹ್ನೆಯನ್ನು ಎಲ್‌ಎಸ್‌ಗೆ ಕೊಟ್ಟು, ಯಾವ ಯಾವ ಹೆಸರು ಬರುತ್ತವೆ ಎಂದು ಕಣ್ಣಾರೆ ನೋಡಿ. ಒಂದು ರಾತ್ರಿಯ ಆಕಾಶವನ್ನು ಯಾರೂ ಮತ್ತೊಮ್ಮೆ ಚಿತ್ರೀಕರಿಸಲಾರರು. ಕಚ್ಚಾ ದತ್ತಾಂಶದ ವಿಷಯದಲ್ಲಿ ಎಷ್ಟು ಎಚ್ಚರವಿದ್ದರೂ ಕಡಿಮೆಯೇ.

ಇನ್ನೂರು ಫೈಲ್‌ಗಳಿವೆ. ಅವು ಸರಿಯಾದ ಕ್ರಮದಲ್ಲಿ ಬರುತ್ತಿಲ್ಲ, ಕೆಲವಕ್ಕೆ ಕಮಾಂಡ್ ಕೆಲಸವೇ ಮಾಡುವುದಿಲ್ಲ. ಏಕೆ?

ಎರಡಕ್ಕೂ ಕಾರಣ ಹೆಸರುಗಳಲ್ಲಿದೆ. ಶೆಲ್ ಹೆಸರುಗಳನ್ನು ಅಕ್ಷರಾನುಕ್ರಮದಲ್ಲಿ ಜೋಡಿಸುತ್ತದೆಯಾದ್ದರಿಂದ 10ನೆಯ ಚಿತ್ರ 2ನೆಯದಕ್ಕಿಂತ ಮೊದಲು ಬರುತ್ತದೆ. 002, 010 ಎಂದು ಸೊನ್ನೆ ಸೇರಿಸಿ ಹೆಸರಿಟ್ಟರೆ ಕ್ರಮ ಸರಿಯಾಗುತ್ತದೆ. ಹೆಸರಿನಲ್ಲಿ ಖಾಲಿ ಜಾಗವಿದ್ದರೆ ಶೆಲ್ ಅದನ್ನು ಎರಡು ಬೇರೆ ಹೆಸರುಗಳೆಂದು ತಿಳಿಯುತ್ತದೆ. ಜಾಗದ ಬದಲು ಅಡಿಗೆರೆ ಬಳಸಿ. ಹೆಸರುಗಳು ಶಿಸ್ತಾಗಿದ್ದರೆ ಶೆಲ್‌ನ ಫಾರ್ ಲೂಪ್ ಇನ್ನೂರಕ್ಕೂ ಒಂದೇ ಕೆಲಸವನ್ನು ಸಾಲಾಗಿ ಮಾಡಿಸುತ್ತದೆ. ಲೂಪನ್ನು ಮೊದಲ ಸಲ ನಡೆಸುವಾಗ ನಿಜವಾದ ಆದೇಶದ ಮುಂದೆ ಎಕೋ ಎಂದು ಸೇರಿಸಿ: ಆಗ ಶೆಲ್ ಏನು ಮಾಡಲಿದೆ ಎಂಬುದನ್ನು ಬರೆದು ತೋರಿಸುತ್ತದೆ, ಮಾಡುವುದಿಲ್ಲ. ಪಟ್ಟಿ ಸರಿಯಿದೆ ಎನಿಸಿದ ಮೇಲೆ ಎಕೋ ತೆಗೆಯಿರಿ.

## ಚಿತ್ರದ ಒಳಗೆ

ಫಿಟ್ಸ್ ಎಂದರೇನು? ಜೆಪೆಗ್ ಸಾಲದೇ?

ಫಿಟ್ಸ್ ಎಂಬುದು ಖಗೋಳಶಾಸ್ತ್ರಕ್ಕೆಂದೇ ರೂಪಿಸಿದ ಕಡತ ವಿನ್ಯಾಸ. ಅದರ ವಿವರಣೆ ಮೊದಲು ಪ್ರಕಟವಾದದ್ದು 1981ರಲ್ಲಿ. ಜೆಪೆಗ್ ಪ್ರತಿ ಬಣ್ಣಕ್ಕೆ 256 ಹಂತಗಳನ್ನಷ್ಟೇ ಇಟ್ಟುಕೊಂಡು, ಕಡತ ಚಿಕ್ಕದಾಗಲೆಂದು ಸೂಕ್ಷ್ಮ ವಿವರಗಳನ್ನು ಎಸೆದುಬಿಡುತ್ತದೆ. 16 ಬಿಟ್‌ನ ಫಿಟ್ಸ್ ಚಿತ್ರದಲ್ಲಿ 65,536 ಹಂತಗಳಿರುತ್ತವೆ, ದಶಾಂಶ ಸಂಖ್ಯೆಗಳನ್ನೂ ತುಂಬಬಹುದು. ಅದಕ್ಕಿಂತ ಮುಖ್ಯವಾಗಿ, ಚಿತ್ರದ ಜೊತೆಗೇ ಅದರ ಜಾತಕವಿದ್ದಂತೆ ಹೆಡರ್ ಇರುತ್ತದೆ: ಯಾವಾಗ, ಯಾವ ಫಿಲ್ಟರಿನಲ್ಲಿ, ಎಷ್ಟು ಸೆಕೆಂಡು, ಆಕಾಶದ ಯಾವ ಭಾಗ ಎಂಬುದೆಲ್ಲ.

ಹೆಡರಿನ ರಚನೆಯನ್ನು ಒಮ್ಮೆ ಬರಿಗಣ್ಣಿನಿಂದ ನೋಡುವುದು ಒಳ್ಳೆಯದು. ಅದು ಸಾದಾ ಅಕ್ಷರಗಳಲ್ಲೇ ಇರುತ್ತದೆ, ಆದರೆ ಸಾಲು ಮುಗಿಯಿತೆಂಬ ಗುರುತು ಎಲ್ಲಿಯೂ ಇರುವುದಿಲ್ಲ. ಪ್ರತಿ ನಮೂದಿಗೂ ಸರಿಯಾಗಿ 80 ಅಕ್ಷರಗಳ ಜಾಗ, ಅಂಥ 36 ನಮೂದುಗಳು ಸೇರಿ 2,880 ಬೈಟ್‌ಗಳ ಒಂದು ಕಂತೆ. ಹೀಗಾಗಿ ಬರೀ ಹೆಡ್ ಆದೇಶ ಕೊಟ್ಟರೆ ಪರದೆಯ ತುಂಬ ಗೊಂದಲವೇ ಬರುತ್ತದೆ. ಫೋಲ್ಡ್ ಎಂಬ ಆದೇಶಕ್ಕೆ 80ರ ಅಗಲ ಕೊಟ್ಟು, ಅದರ ಉತ್ತರವನ್ನು ಪೈಪ್ ಮೂಲಕ ಹೆಡ್‌ಗೆ ದಾಟಿಸಿ ಮೊದಲ 36 ಸಾಲು ಕೇಳಿ: ಮೊದಲ ಕಂತೆ ಅಚ್ಚುಕಟ್ಟಾಗಿ ಸಾಲುಸಾಲಾಗಿ ತೆರೆದುಕೊಳ್ಳುತ್ತದೆ. ಯಾವ ವಿಶೇಷ ತಂತ್ರಾಂಶವೂ ಇಲ್ಲದೆ ಹೀಗೆ ಓದಬಹುದಾಗಿರುವುದರಿಂದಲೇ ನಾಲ್ಕು ದಶಕಗಳ ಹಿಂದಿನ ಕಡತಗಳೂ ಇಂದಿಗೂ ಜೀವಂತವಾಗಿವೆ.

ಫಿಟ್ಸ್ ಚಿತ್ರ ತೆರೆದರೆ ಬರೀ ಕಪ್ಪು. ಫೈಲ್ ಹಾಳಾಗಿದೆಯೇ?

ಬಹುಪಾಲು ಹಾಳಾಗಿರುವುದಿಲ್ಲ. ಆಕಾಶದ ಹಿನ್ನೆಲೆ ಸುಮಾರು 1,200 ಎಣಿಕೆಯಲ್ಲಿದ್ದು (ಎಣಿಕೆ ಎಂದರೆ ಪಿಕ್ಸೆಲ್‌ನಲ್ಲಿರುವ ಸಂಖ್ಯೆ) ಒಂದು ಪ್ರಕಾಶಮಾನ ನಕ್ಷತ್ರ 60,000 ತಲುಪಿದ್ದರೆ, ತೋರಿಸುವ ತಂತ್ರಾಂಶ 60,000ವನ್ನು ಬಿಳಿಯೆಂದೂ ಸೊನ್ನೆಯನ್ನು ಕಪ್ಪೆಂದೂ ತೆಗೆದುಕೊಳ್ಳುತ್ತದೆ. ಆಗ ಉಳಿದೆಲ್ಲವೂ ಕಪ್ಪಿನಲ್ಲೇ ಮುಳುಗುತ್ತದೆ. ಡಿಎಸ್9 ಎಂಬ ಉಚಿತ ತಂತ್ರಾಂಶದಲ್ಲಿ ಸ್ಕೇಲ್ ಪಟ್ಟಿಯಿಂದ ಝಡ್‌ಸ್ಕೇಲ್ ಆರಿಸಿದರೆ ಹಿನ್ನೆಲೆಯ ಸುತ್ತಲಿನ ಬೆಲೆಗಳಿಗೆ ತಕ್ಕಂತೆ ಕಪ್ಪುಬಿಳುಪು ಹೊಂದಿಕೊಂಡು ಮಂಕಾದ ಗೆಲಾಕ್ಸಿಗಳೂ ಮೇಲೆದ್ದು ಬರುತ್ತವೆ. ಇದರಲ್ಲಿ ಬದಲಾಗುವುದು ತೋರಿಕೆ ಮಾತ್ರ. ಕಡತದೊಳಗಿನ ಸಂಖ್ಯೆಗಳು ಇದ್ದ ಹಾಗೇ ಇರುತ್ತವೆ. ಪಿಕ್ಸೆಲ್ ಮೇಲೆ ಬಾಣದ ಗುರುತನ್ನಿಟ್ಟು ಅದರ ಬೆಲೆಯನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಕಣ್ಣಿಗೆ ಒಂದೇ ರೀತಿ ಬೆಳ್ಳಗೆ ಕಾಣುವ ಎರಡು ನಕ್ಷತ್ರಗಳಲ್ಲಿ ಒಂದು 20,000, ಇನ್ನೊಂದು 65,535 ಆಗಿರಬಹುದು. ಎರಡನೆಯದು ತುಂಬಿ ತುಳುಕಿದ ಪಿಕ್ಸೆಲ್, ಅಳತೆಗೆ ನಿರುಪಯೋಗಿ.

ಹೆಡರಿನಲ್ಲಿ ನೂರಾರು ಸಾಲುಗಳಿವೆ. ಯಾವುದನ್ನು ನೋಡಬೇಕು?

ನಾಕ್ಸಿಸ್1 ಮತ್ತು ನಾಕ್ಸಿಸ್2 ಚಿತ್ರದ ಅಗಲ ಮತ್ತು ಎತ್ತರ. ಬಿಟ್‌ಪಿಕ್ಸ್ ಸಂಖ್ಯೆಗಳ ಬಗೆ. ಎಕ್ಸ್‌ಪ್‌ಟೈಮ್ ಒಡ್ಡಿಕೆಯ, ಅಂದರೆ ಸಂವೇದಕ ಬೆಳಕು ಸಂಗ್ರಹಿಸಿದ, ಅವಧಿ. ಫಿಲ್ಟರ್ ಹೆಸರೇ ಹೇಳುವಂಥದು. ಗೇನ್ ಸಾಮಾನ್ಯವಾಗಿ ಒಂದು ಎಣಿಕೆಗೆ ಎಷ್ಟು ಎಲೆಕ್ಟ್ರಾನ್ ಎಂಬುದು. ಡೇಟ್-ಆಬ್ಸ್ ಸಾಮಾನ್ಯವಾಗಿ ಒಡ್ಡಿಕೆ ಶುರುವಾದ ಕ್ಷಣ. ಹೊಳಪಿನ ಏರಿಳಿತವನ್ನು ಅಳೆಯುವಾಗ ನಡುವಿನ ಕ್ಷಣ ಬೇಕಾಗುತ್ತದೆ, ಆದ್ದರಿಂದ 300 ಸೆಕೆಂಡಿನ ಚಿತ್ರವಾದರೆ 150 ಸೆಕೆಂಡು ಕೂಡಿಸಬೇಕು. ಪೈಥಾನ್‌ನ ಖಗೋಳ ಗ್ರಂಥಾಲಯವಾದ ಆಸ್ಟ್ರೋಪೈ ಜೊತೆಗೇ ಬರುವ ಫಿಟ್ಸ್‌ಹೆಡರ್ ಎಂಬ ಆದೇಶ ಒಂದಿಡೀ ಫೋಲ್ಡರಿನ ಚಿತ್ರಗಳ ಫಿಲ್ಟರ್ ಮತ್ತು ಅವಧಿಯನ್ನು ಕೋಷ್ಟಕವಾಗಿ ಕೊಡುತ್ತದೆ. ಸಂಸ್ಕರಣೆಗೆ ಕೈಹಾಕುವ ಮುನ್ನ ಈ ಕೋಷ್ಟಕವನ್ನು ಒಮ್ಮೆ ಪೂರ್ತಿ ಓದಿ. ತಪ್ಪು ಫಿಲ್ಟರಿನ ಒಂದು ಚಿತ್ರ ನುಸುಳಿದ್ದರೆ ಇಲ್ಲಿಯೇ ಸಿಕ್ಕಿಬೀಳುತ್ತದೆ.

## ಪೈಥಾನ್‌ನತ್ತ

ಯಾವ ಭಾಷೆ ಕಲಿಯಲಿ? ಐರಾಫ್ ಕಲಿಯಬೇಕೆಂದು ಕೆಲವರು ಹೇಳುತ್ತಾರೆ.

ಪೈಥಾನ್ ಕಲಿಯಿರಿ. ಅಮೆರಿಕದ ಟೂಸಾನ್‌ನಲ್ಲಿ 1980ರ ದಶಕದಲ್ಲಿ ರೂಪುಗೊಂಡ ಐರಾಫ್ ಬಹುಕಾಲ ಖಗೋಳಜ್ಞರ ಮುಖ್ಯ ಉಪಕರಣವಾಗಿತ್ತು, ಅದರ ಕ್ರಮಗಳು ಇಂದಿನ ತಂತ್ರಾಂಶಗಳಲ್ಲೂ ಹರಿದುಬಂದಿವೆ. ಆದರೆ ಅದನ್ನು ಕಟ್ಟಿದ ಸಂಸ್ಥೆ ಬೆಂಬಲ ನಿಲ್ಲಿಸಿದೆ, ಈಗ ಅದನ್ನು ಉಳಿಸಿಕೊಂಡಿರುವುದು ಬಳಕೆದಾರರ ಸಮುದಾಯ. 2011ರಲ್ಲಿ ಆರಂಭವಾದ ಆಸ್ಟ್ರೋಪೈ ಯೋಜನೆ ಫಿಟ್ಸ್ ಓದುವುದು, ಕಾಲ, ನಿರ್ದೇಶಾಂಕ, ಮಾನಗಳು ಎಲ್ಲವನ್ನೂ ಒಂದೇ ಸೂರಿನಡಿ ತಂದಿತು. ಅದರ ಜೊತೆಗೆ ಸಂಖ್ಯಾಕೋಷ್ಟಕಗಳಿಗೆ ನಂಪೈ, ನಕ್ಷೆಗಳಿಗೆ ಮ್ಯಾಟ್‌ಪ್ಲಾಟ್‌ಲಿಬ್, ಕಚ್ಚಾ ಚಿತ್ರಗಳ ಸಂಸ್ಕರಣೆಗೆ ಸಿಸಿಡಿಪ್ರಾಕ್, ಹೊಳಪಿನ ಅಳತೆಗೆ ಫೋಟ್‌ಯುಟಿಲ್ಸ್ ಇದ್ದರೆ ಬಹುತೇಕ ಎಲ್ಲ ಕೆಲಸವೂ ನಡೆಯುತ್ತದೆ. ಇವನ್ನು ಕಂಪ್ಯೂಟರಿನ ಮೂಲ ಪೈಥಾನ್‌ಗೆ ಸೇರಿಸದೆ ಪ್ರತ್ಯೇಕ ವರ್ಚುವಲ್ ಎನ್ವಿರಾನ್‌ಮೆಂಟ್‌ನಲ್ಲಿ, ಅಂದರೆ ಈ ಕೆಲಸಕ್ಕೆಂದೇ ಬೇರೆಯಾಗಿಟ್ಟ ಪೈಥಾನ್‌ನಲ್ಲಿ, ಅಳವಡಿಸಿ.

ಮೊದಲ ಪ್ರೋಗ್ರಾಂ ಯಾವುದಾಗಿರಲಿ?

ಒಂದು ಫಿಟ್ಸ್ ಕಡತವನ್ನು ತೆರೆದು, ಅದರ ಆಕಾರ, ಕನಿಷ್ಠ, ಗರಿಷ್ಠ, ಸರಾಸರಿ, ಮಧ್ಯಾಂಕಗಳನ್ನು ಮುದ್ರಿಸುವ ಐದಾರು ಸಾಲಿನ ಪ್ರೋಗ್ರಾಂ. ಉತ್ತರ ಬಂದ ಮೇಲೆ ಅಲ್ಲಿಗೇ ಬಿಡದೆ ಯೋಚಿಸಿ: ಸರಾಸರಿ ಮಧ್ಯಾಂಕಕ್ಕಿಂತ ದೊಡ್ಡದೇಕೆ? ಚಿತ್ರದ ಹೆಚ್ಚಿನ ಪಿಕ್ಸೆಲ್‌ಗಳು ಬರಿಯ ಆಕಾಶ. ಕೆಲವೇ ನಕ್ಷತ್ರಗಳ ದೊಡ್ಡ ಸಂಖ್ಯೆಗಳು ಸರಾಸರಿಯನ್ನು ಮೇಲಕ್ಕೆಳೆಯುತ್ತವೆ, ಮಧ್ಯಾಂಕ ಕದಲುವುದಿಲ್ಲ. ಹಿನ್ನೆಲೆಯನ್ನು ಅಂದಾಜಿಸುವ ವಿದ್ಯೆಯೆಲ್ಲ ಈ ಒಂದು ಅವಲೋಕನದಿಂದ ಹುಟ್ಟುತ್ತದೆ.

ಡಿಎಸ್9ನಲ್ಲಿ ನೋಡಿದ ನಕ್ಷತ್ರ ಪೈಥಾನ್‌ನಲ್ಲಿ ಅದೇ ಜಾಗದಲ್ಲಿ ಇರುವುದಿಲ್ಲ. ಏನಾಗಿದೆ?

ಎರಡು ವ್ಯತ್ಯಾಸಗಳು ಒಟ್ಟಿಗೆ ಕಾಡುತ್ತವೆ. ಫಿಟ್ಸ್ ಮತ್ತು ಡಿಎಸ್9 ಎಣಿಕೆಯನ್ನು 1ರಿಂದ ಶುರುಮಾಡುತ್ತವೆ, ಪೈಥಾನ್ ಸೊನ್ನೆಯಿಂದ. ಡಿಎಸ್9 ಮೊದಲು ಎಕ್ಸ್, ಆಮೇಲೆ ವೈ ಹೇಳುತ್ತದೆ. ನಂಪೈ ಕೋಷ್ಟಕದಲ್ಲಿ ಮೊದಲು ಸಾಲು ಅಂದರೆ ವೈ, ಆಮೇಲೆ ಕಂಬ ಅಂದರೆ ಎಕ್ಸ್. ಹೀಗಾಗಿ ಡಿಎಸ್9ನಲ್ಲಿ 513, 200 ಎಂದು ಕಂಡ ಪಿಕ್ಸೆಲನ್ನು ನಂಪೈಯಲ್ಲಿ 199, 512 ಎಂದು ಕೇಳಬೇಕು. ಚೌಕಾಕಾರದ ಚಿತ್ರದಲ್ಲಿ ಅದಲುಬದಲಾದರೂ ದೋಷ ಸಂದೇಶ ಬರುವುದಿಲ್ಲ, ಬೇರೆ ಯಾವುದೋ ಜಾಗದ ಉತ್ತರ ಸದ್ದಿಲ್ಲದೆ ಬರುತ್ತದೆ. ಗುರುತಿಸಿದ ಒಂದು ನಕ್ಷತ್ರದ ಬೆಲೆ ಎರಡೂ ಕಡೆ ಒಂದೇ ಎಂದು ಖಚಿತಪಡಿಸಿಕೊಂಡೇ ಮುಂದುವರಿಯಿರಿ.

ಎರಡು ಚಿತ್ರಗಳನ್ನು ಕಳೆದರೆ ಕೆಲವು ಪಿಕ್ಸೆಲ್‌ಗಳಲ್ಲಿ 65531ರಂಥ ವಿಚಿತ್ರ ಸಂಖ್ಯೆ ಬರುತ್ತದೆ. ಯಾಕೆ?

ನಿಮ್ಮ ಚಿತ್ರ ಚಿಹ್ನೆಯಿಲ್ಲದ 16 ಬಿಟ್ ಪೂರ್ಣಾಂಕಗಳಲ್ಲಿದೆ. ಆ ಬಗೆಯ ಸಂಖ್ಯೆಗೆ ಋಣ ಎಂಬುದೇ ಗೊತ್ತಿಲ್ಲ. 0ಯಿಂದ 65,535ರವರೆಗೆ ಮಾತ್ರ ಅದರ ಲೋಕ. ಆಕಾಶದ ಪಿಕ್ಸೆಲ್ 100 ಇದ್ದು, ಮುಚ್ಚಳ ಹಾಕಿ ತೆಗೆದ ಡಾರ್ಕ್ ಚಿತ್ರದಲ್ಲಿ ಅದೇ ಪಿಕ್ಸೆಲ್ 105 ಇದ್ದರೆ ಉತ್ತರ −5 ಆಗಬೇಕು, ಆದರೆ ಲೆಕ್ಕ ಸೊನ್ನೆಯ ಕೆಳಗೆ ಇಳಿಯಲಾರದೆ ಸುತ್ತು ಹಾಕಿ ಮೇಲಿನ ತುದಿಯಿಂದ 65,531 ಆಗಿ ಬರುತ್ತದೆ. ಮಂಕಾದ ಪಿಕ್ಸೆಲ್ ಒಮ್ಮೆಲೇ ಅತ್ಯಂತ ಪ್ರಕಾಶಮಾನವಾಗಿ ಕಾಣುವುದು ಇದರ ಲಕ್ಷಣ. ಚಿತ್ರವನ್ನು ಓದಿದ ಕೂಡಲೇ 32 ಬಿಟ್‌ನ ದಶಾಂಶ ಬಗೆಗೆ, ಅಂದರೆ ಫ್ಲೋಟ್32ಗೆ, ಪರಿವರ್ತಿಸಿಕೊಂಡರೆ ಈ ತೊಂದರೆ ಹತ್ತಿರವೂ ಸುಳಿಯದು. ಋಣ ಸಂಖ್ಯೆಗಳನ್ನು ಸೊನ್ನೆಯಾಗಿಸಿ ಮುಚ್ಚಿಹಾಕಬೇಡಿ. ಹಿನ್ನೆಲೆ ಕಳೆದ ಆಕಾಶದಲ್ಲಿ ಅರ್ಧದಷ್ಟು ಪಿಕ್ಸೆಲ್‌ಗಳು ಸೊನ್ನೆಗಿಂತ ಕೆಳಗಿರುವುದೇ ಸಹಜ, ಅವನ್ನು ಕತ್ತರಿಸಿದರೆ ಸರಾಸರಿಗಳೆಲ್ಲ ಮೇಲಕ್ಕೆ ವಾಲುತ್ತವೆ.

ಎಐ ಕೇಳಿದರೆ ಕೋಡ್ ಬರೆದುಕೊಡುತ್ತದೆ. ನಾನೇಕೆ ಕಲಿಯಬೇಕು?

ಬರೆಸಿಕೊಳ್ಳುವುದರಲ್ಲಿ ತಪ್ಪಿಲ್ಲ, ದೋಷ ಸಂದೇಶದ ಅರ್ಥ ಕೇಳಲಂತೂ ಅದು ಒಳ್ಳೆಯ ಸಹಾಯ. ಆದರೆ ಮೇಲಿನ ಎರಡು ಪ್ರಶ್ನೆಗಳನ್ನು ಗಮನಿಸಿ: ಎರಡರಲ್ಲೂ ಪ್ರೋಗ್ರಾಂ ನಿಲ್ಲುವುದಿಲ್ಲ, ದೂರುವುದೂ ಇಲ್ಲ, ತಪ್ಪು ಉತ್ತರವನ್ನು ಕೊಟ್ಟುಬಿಡುತ್ತದೆ. ಅಂಥ ತಪ್ಪನ್ನು ಹಿಡಿಯಬಲ್ಲವರು ಚಿತ್ರದ ಸಂಖ್ಯೆಗಳು ಎಷ್ಟಿರಬೇಕೆಂದು ಅಂದಾಜು ಇಟ್ಟುಕೊಂಡವರು ಮಾತ್ರ. ಪ್ರತಿ ಸಾಲು ಏನು ಮಾಡುತ್ತದೆ ಎಂದು ನೀವೇ ವಿವರಿಸಲಾರದ ಕೋಡನ್ನು ಅಳತೆಗೆ ಬಳಸಬೇಡಿ.

## ಅಳತೆಯ ಹಂತ

ಬಯಾಸ್, ಡಾರ್ಕ್, ಫ್ಲಾಟ್ ಇವೆಲ್ಲ ಏಕೆ? ಯಾವುದನ್ನು ಮೊದಲು ಮಾಡಬೇಕು?

ಬೆಳಕೇ ಬೀಳದಿದ್ದರೂ ಸಂವೇದಕದ ಸಂಖ್ಯೆಗಳು ಸೊನ್ನೆಯಾಗಿರುವುದಿಲ್ಲ. ಎಲೆಕ್ಟ್ರಾನಿಕ್ ವ್ಯವಸ್ಥೆ ಸೇರಿಸುವ ಸ್ಥಿರ ಮೊತ್ತವನ್ನು ತೋರಿಸುವುದು ಅತಿ ಕಡಿಮೆ ಅವಧಿಯ ಬಯಾಸ್ ಚಿತ್ರ. ಸಂವೇದಕದ ಶಾಖದಿಂದ ಕಾಲಕ್ರಮೇಣ ಕೂಡಿಕೊಳ್ಳುವ ಎಲೆಕ್ಟ್ರಾನ್‌ಗಳನ್ನು ತೋರಿಸುವುದು ಮುಚ್ಚಳ ಹಾಕಿ ತೆಗೆದ ಡಾರ್ಕ್. ಇವೆರಡೂ ಕೂಡಿಕೊಂಡವು, ಆದ್ದರಿಂದ ಕಳೆಯಬೇಕು. ಸಮನಾಗಿ ಬೆಳಗಿದ ಮೇಲ್ಮೈಯ ಚಿತ್ರವಾದ ಫ್ಲಾಟ್‌ನ ಕಥೆ ಬೇರೆ: ಮಸೂರದ ಅಂಚಿನ ಮಬ್ಬು, ಫಿಲ್ಟರಿನ ಮೇಲಿನ ಧೂಳು, ಪಿಕ್ಸೆಲ್‌ಗಳ ಸಂವೇದನೆಯ ಹೆಚ್ಚುಕಡಿಮೆ ಇವೆಲ್ಲ ಬರುವ ಬೆಳಕನ್ನು ಒಂದು ಅನುಪಾತದಲ್ಲಿ ಕುಗ್ಗಿಸುತ್ತವೆ, ಆದ್ದರಿಂದ ಭಾಗಿಸಬೇಕು. ಒಂದು ಪಿಕ್ಸೆಲ್ ಉಳಿದವುಗಳ ಶೇ. 95ರಷ್ಟನ್ನೇ ಗ್ರಹಿಸುತ್ತದೆಯಾದರೆ ಅದರ ಬೆಲೆಯನ್ನು 0.95ರಿಂದ ಭಾಗಿಸಿದಾಗ ಸರಿಹೋಗುತ್ತದೆ. ಆದುದರಿಂದ ಮೊದಲು ಕಳೆಯುವುದು, ಆಮೇಲೆ ಭಾಗಿಸುವುದು. ಕೂಡಿಕೊಂಡದ್ದನ್ನು ತೆಗೆಯದೆ ಭಾಗಿಸಿದರೆ ಬೆಳಕಲ್ಲದ್ದಕ್ಕೂ ಬೆಳಕಿನ ತಿದ್ದುಪಡಿ ಮಾಡಿದಂತಾಗುತ್ತದೆ.

ಪದೇ ಪದೇ ಕಾಣುವ ಎಡವಟ್ಟುಗಳು ಮೂರು. ಡಾರ್ಕ್ ಚಿತ್ರದಲ್ಲಿ ಬಯಾಸ್ ಕೂಡ ಅಡಗಿದೆ. ಚಿತ್ರದಷ್ಟೇ ಅವಧಿಯ ಡಾರ್ಕನ್ನು ಹಾಗೆಯೇ ಕಳೆದವರು ಬಯಾಸನ್ನು ಮತ್ತೊಮ್ಮೆ ಕಳೆಯಬಾರದು. ಫ್ಲಾಟ್ ಕೂಡ ಒಂದು ಚಿತ್ರವೇ ಆದ್ದರಿಂದ ಅದರದೇ ಬಯಾಸ್ ಅಥವಾ ಡಾರ್ಕನ್ನು ಮೊದಲು ಕಳೆದು, ಮಧ್ಯಾಂಕದಿಂದ ಭಾಗಿಸಿ 1ರ ಸುತ್ತ ತಂದುಕೊಂಡ ಮೇಲೆಯೇ ಬಳಸಬೇಕು. ಪ್ರತಿ ಫಿಲ್ಟರಿಗೂ ಅದರದೇ ಫ್ಲಾಟ್ ಬೇಕು. ಸಂಸ್ಕರಿಸಿದ ಚಿತ್ರದಲ್ಲಿ ಧೂಳಿನ ಉಂಗುರಗಳು ಮಾಯವಾಗುವ ಬದಲು ಹಾಗೆಯೇ ಉಳಿದರೆ ಅಥವಾ ಬೆಳ್ಳಗೆ ಉಬ್ಬಿ ಕಂಡರೆ ಈ ಮೂರರಲ್ಲಿ ಒಂದು ತಪ್ಪಿರುವ ಸಾಧ್ಯತೆಯೇ ಹೆಚ್ಚು.

ಹಲವು ಚಿತ್ರಗಳನ್ನು ಒಟ್ಟುಗೂಡಿಸುವಾಗ ಸರಾಸರಿ ಒಳ್ಳೆಯದೋ ಮಧ್ಯಾಂಕವೋ?

ಮಧ್ಯಾಂಕ ಕಾಸ್ಮಿಕ್ ಕಿರಣ, ಉಪಗ್ರಹದ ಗೆರೆ ಮುಂತಾದ ಅತಿಥಿಗಳನ್ನು ತಾನಾಗಿ ಹೊರಗಿಡುತ್ತದೆ, ಆದರೆ ಸಾಮಾನ್ಯ ಏರಿಳಿತದ ದತ್ತಾಂಶದಲ್ಲಿ ಅದರ ಗದ್ದಲ, ಅಂದರೆ ಗೊತ್ತುಗುರಿಯಿಲ್ಲದ ಏರಿಳಿತ, ಸರಾಸರಿಯ ಗದ್ದಲದ ಸುಮಾರು 1.25 ಪಟ್ಟು. ಚಿತ್ರಗಳ ಸಂಖ್ಯೆ ಸಾಕಷ್ಟಿದ್ದರೆ ಸಿಗ್ಮಾ ಕ್ಲಿಪ್ಪಿಂಗ್ ಉತ್ತಮ: ಪ್ರತಿ ಪಿಕ್ಸೆಲ್‌ನಲ್ಲೂ ಗುಂಪಿನಿಂದ ತೀರ ದೂರ ಹೋದ ಬೆಲೆಗಳನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯುವುದು. ನಾಲ್ಕೈದೇ ಚಿತ್ರಗಳಿದ್ದರೆ ಮಧ್ಯಾಂಕಕ್ಕೆ ಅಂಟಿಕೊಳ್ಳಿ.

ಒಂದು ನಕ್ಷತ್ರದ ಹೊಳಪನ್ನು ಅಳೆಯುವುದು ಹೇಗೆ?

ನಕ್ಷತ್ರದ ಸುತ್ತ ಒಂದು ವೃತ್ತ ಹಾಕಿ ಒಳಗಿನ ಎಲ್ಲ ಪಿಕ್ಸೆಲ್‌ಗಳನ್ನು ಕೂಡಿ, ಆ ವೃತ್ತದಲ್ಲಿ ಸೇರಿಕೊಂಡಿರುವ ಆಕಾಶದ ಪಾಲನ್ನು ಕಳೆಯಬೇಕು. ಆಕಾಶದ ಬೆಲೆ ಸಿಗುವುದು ವೃತ್ತದ ಹೊರಗಿನ ಒಂದು ಬಳೆಯಾಕಾರದ ಪಟ್ಟಿಯಿಂದ. ಒಂದು ಲೆಕ್ಕ ಮಾಡಿ ನೋಡೋಣ. ವೃತ್ತದ ತ್ರಿಜ್ಯ 6 ಪಿಕ್ಸೆಲ್ ಆದರೆ ಅದರ ವಿಸ್ತೀರ್ಣ ಸುಮಾರು 113.1 ಪಿಕ್ಸೆಲ್. ಒಳಗಿನ ಮೊತ್ತ 1,85,700, ಆಕಾಶದ ಬೆಲೆ ಪಿಕ್ಸೆಲ್‌ಗೆ 1,200 ಎಂದಿಟ್ಟುಕೊಳ್ಳಿ. ಆಕಾಶದ ಪಾಲು 1,35,720. ನಕ್ಷತ್ರದ್ದು ಉಳಿದ 49,980. ಈಗ ಆಕಾಶದ ಅಂದಾಜು ಕೇವಲ ಶೇ. 1ರಷ್ಟು, ಅಂದರೆ 12 ಎಣಿಕೆ, ತಪ್ಪಿತು ಎನ್ನಿ. ನಕ್ಷತ್ರದ ಉತ್ತರ 1,357ರಷ್ಟು, ಅಂದರೆ ಶೇ. 2.7ರಷ್ಟು ತಪ್ಪುತ್ತದೆ. ಎಚ್‌ಡಿ 189733 ಎಂಬ ನಕ್ಷತ್ರದ ಮುಂದೆ ಅದರ ಗ್ರಹ ಹಾದುಹೋಗುವಾಗ ಬೆಳಕು ಕುಗ್ಗುವುದೇ ಸುಮಾರು ಶೇ. 2.4ರಷ್ಟು! ಹಿನ್ನೆಲೆಯ ಸಣ್ಣ ಅಜಾಗರೂಕತೆಯಲ್ಲಿ ಒಂದಿಡೀ ಗ್ರಹವೇ ಮುಚ್ಚಿಹೋಗಬಹುದು. ಬಳೆಯಲ್ಲಿ ಬೇರೆ ನಕ್ಷತ್ರಗಳಿದ್ದರೆ ಅವನ್ನು ಸಿಗ್ಮಾ ಕ್ಲಿಪ್ಪಿಂಗ್‌ನಿಂದ ಕೈಬಿಟ್ಟು ಮಧ್ಯಾಂಕ ತೆಗೆದುಕೊಳ್ಳುವುದು ಈ ಕಾರಣಕ್ಕೆ.

ಬಂದ ಮೊತ್ತದ, 10ನ್ನು ಆಧಾರವಾಗಿಟ್ಟ ಲಾಗರಿದಮನ್ನು −2.5ರಿಂದ ಗುಣಿಸಿದರೆ ಉಪಕರಣಕ್ಕೆ ಸೀಮಿತವಾದ ಕಾಂತಿಮಾನ (ಖಗೋಳಜ್ಞರ ಹೊಳಪಿನ ಅಳತೆ) ಸಿಗುತ್ತದೆ. ಬೆಲೆ ಗೊತ್ತಿರುವ ನಕ್ಷತ್ರಗಳನ್ನು ಅದೇ ಚಿತ್ರದಲ್ಲಿ ಅಳೆದು, ಬಂದ ವ್ಯತ್ಯಾಸವನ್ನು ಕೂಡಿಸಿದರೆ ನಿಜವಾದ ಕಾಂತಿಮಾನ.

ನನ್ನ ಅಳತೆ ಎಷ್ಟು ನಂಬಲರ್ಹ? ಕೋಡ್ ಸರಿಯಿದೆ ಎಂದು ಹೇಗೆ ತಿಳಿಯಲಿ?

ಮೊದಲ ಭಾಗಕ್ಕೆ ಬೆಳಕಿನ ಸ್ವಭಾವವೇ ಉತ್ತರ ಕೊಡುತ್ತದೆ. 10,000 ಎಲೆಕ್ಟ್ರಾನ್ ಎಣಿಸಿದರೆ ಅದರ ಸಹಜ ಅನಿಶ್ಚಿತತೆ ಅದರ ವರ್ಗಮೂಲವಾದ 100, ಅಂದರೆ ಶೇ. 1. ಚಿತ್ರದ ಎಣಿಕೆಗಳನ್ನು ಹೆಡರಿನ ಗೇನ್ ಬಳಸಿ ಎಲೆಕ್ಟ್ರಾನ್‌ಗಳಾಗಿ ಬದಲಿಸಿದ ಮೇಲೆಯೇ ಈ ಲೆಕ್ಕ ಹಿಡಿಯಬೇಕು. ಆಕಾಶದ ಹಿನ್ನೆಲೆ ಮತ್ತು ಸಂವೇದಕವನ್ನು ಓದುವಾಗ ಸೇರುವ ಗದ್ದಲ ಇದಕ್ಕೆ ಇನ್ನಷ್ಟು ಸೇರಿಸುತ್ತವೆ.

ಎರಡನೆಯದಕ್ಕೆ ಕೃತಕ ಚಿತ್ರದಂಥ ಪರೀಕ್ಷೆ ಬೇರೊಂದಿಲ್ಲ. ನಂಪೈಯಿಂದ 1,200ರ ಹಿನ್ನೆಲೆ, ಅದಕ್ಕೆ ತಕ್ಕ ಗದ್ದಲ, ನಡುವೆ ಒಟ್ಟು 50,000 ಎಣಿಕೆಯ ಒಂದು ನಕ್ಷತ್ರ ಇರುವ ಚಿತ್ರ ಸೃಷ್ಟಿಸಿ, ನಿಮ್ಮ ಅಳತೆಯ ಪ್ರೋಗ್ರಾಂಗೆ ಕೊಡಿ. ಉತ್ತರ 50,000ದ ಆಸುಪಾಸಿನಲ್ಲಿ ಬರಬೇಕು. ಪ್ರತಿ ಸಲವೂ 47,000 ಬರುತ್ತಿದ್ದರೆ ವೃತ್ತ ಚಿಕ್ಕದಾಗಿ ನಕ್ಷತ್ರದ ಅಂಚು ಹೊರಗುಳಿದಿದೆ. ಗದ್ದಲವನ್ನು ಮಾತ್ರ ಬದಲಿಸಿ ನೂರು ಸಲ ನಡೆಸಿದಾಗ ಉತ್ತರಗಳು ಚದುರುವ ಪ್ರಮಾಣ ನಿಮ್ಮ ಪ್ರೋಗ್ರಾಂ ಹೇಳುವ ಅನಿಶ್ಚಿತತೆಗೆ ಹೊಂದುತ್ತದೆಯೇ ಎಂದೂ ನೋಡಿ. ಈ ಪರೀಕ್ಷೆ ಮಾಡಿದವರಿಗೆ ತಮ್ಮ ಉತ್ತರದ ಬಗ್ಗೆ ಸಿಗುವ ಧೈರ್ಯವೇ ಬೇರೆ.

## ಇನ್ನೂ ಮುಂದೆ

ಚಿತ್ರದಲ್ಲಿ ಯಾವ ನಕ್ಷತ್ರ ಯಾವುದು ಎಂದು ಕಂಪ್ಯೂಟರ್‌ಗೆ ಹೇಗೆ ಗೊತ್ತಾಗುತ್ತದೆ?

ಆಸ್ಟ್ರೋಮೆಟ್ರಿ.ನೆಟ್ ತಂತ್ರಾಂಶ ಚಿತ್ರದ ನಕ್ಷತ್ರಗಳನ್ನು ಸಾಮಾನ್ಯವಾಗಿ ನಾಲ್ಕರ ಗುಂಪುಗಳಾಗಿ ತೆಗೆದುಕೊಂಡು, ಆ ಆಕೃತಿಗಳನ್ನು ಇಡೀ ಆಕಾಶದ ಸೂಚಿಯಲ್ಲಿ ಹುಡುಕುತ್ತದೆ. ಹೊಂದಿಕೆ ಸಿಕ್ಕಾಗ ಪಿಕ್ಸೆಲನ್ನು ಆಕಾಶದ ನಿರ್ದೇಶಾಂಕಕ್ಕೆ ಬದಲಿಸುವ ಸೂತ್ರವನ್ನು ಹೆಡರಿನಲ್ಲಿ ಬರೆಯುತ್ತದೆ. ಅಲ್ಲಿಂದ ಗಾಯಾ ಬಾಹ್ಯಾಕಾಶ ದೂರದರ್ಶಕದ ನಕ್ಷತ್ರ ಪಟ್ಟಿಯೊಂದಿಗೆ ಹೋಲಿಸುವುದು ಆಸ್ಟ್ರೋಪೈಯಲ್ಲಿ ಕೆಲವೇ ಸಾಲುಗಳ ಕೆಲಸ. ಕೈಯಿಂದ ಲೆಕ್ಕ ಹಾಕುವವರು ಎರಡು ಸಂಗತಿ ಮರೆಯಬಾರದು: ಆಕಾಶದ ರೇಖಾಂಶದಂತಿರುವ ರೈಟ್ ಅಸೆನ್ಷನ್ ಗಂಟೆಗಳಲ್ಲಿದ್ದರೆ ಒಂದು ಗಂಟೆಗೆ 15 ಡಿಗ್ರಿ, ಮತ್ತು ಅದರ ವ್ಯತ್ಯಾಸವನ್ನು ಅಕ್ಷಾಂಶದಂತಿರುವ ಡೆಕ್ಲಿನೇಷನ್‌ನ ಕೊಸೈನ್‌ನಿಂದ ಗುಣಿಸಬೇಕು. 60 ಡಿಗ್ರಿ ಡೆಕ್ಲಿನೇಷನ್‌ನಲ್ಲಿ ಒಂದು ಡಿಗ್ರಿ ವ್ಯತ್ಯಾಸ ಆಕಾಶದಲ್ಲಿ ಅರ್ಧ ಡಿಗ್ರಿ ಮಾತ್ರ.

ಜೂಪಿಟರ್ ನೋಟ್‌ಬುಕ್‌ನಲ್ಲಿ ಕೆಲಸ ಮಾಡಲೋ, ಸ್ಕ್ರಿಪ್ಟ್ ಬರೆಯಲೋ?

ಹುಡುಕಾಟಕ್ಕೆ ಕೋಡನ್ನು ಕೋಶಗಳೆಂಬ ತುಂಡುಗಳಾಗಿ ನಡೆಸುವ ನೋಟ್‌ಬುಕ್, ನೆಲೆಗೊಂಡ ಕ್ರಮಕ್ಕೆ ಕಡತದಲ್ಲಿ ಬರೆದು ಪೂರ್ತಿಯಾಗಿ ನಡೆಸುವ ಸ್ಕ್ರಿಪ್ಟ್. ನೋಟ್‌ಬುಕ್‌ನಲ್ಲಿ ಕೋಶಗಳನ್ನು ಹಿಂದುಮುಂದಾಗಿ ನಡೆಸಬಹುದಾದ್ದರಿಂದ, ಅಳಿಸಿಹೋದ ಕೋಶದ ಬೆಲೆ ಮೆಮೊರಿಯಲ್ಲಿ ಉಳಿದು ಹಿನ್ನೆಲೆಯನ್ನು ಎರಡು ಸಲ ಕಳೆದಂಥ ಫಲಿತಾಂಶ ಬರಬಹುದು. ಯಾವ ಉತ್ತರವನ್ನೂ ಬರೆದಿಟ್ಟುಕೊಳ್ಳುವ ಮುನ್ನ ಎಲ್ಲವನ್ನೂ ಹೊಸದಾಗಿ ಮೇಲಿನಿಂದ ಕೆಳಗೆ ಒಮ್ಮೆ ನಡೆಸಿ. ಸ್ಕ್ರಿಪ್ಟುಗಳನ್ನು ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿಡಿ, ಚಿತ್ರಗಳನ್ನು ಅದರಲ್ಲಿ ತುಂಬಬೇಡಿ.

ಅರವತ್ತು ಚಿತ್ರಗಳನ್ನು ಒಟ್ಟುಗೂಡಿಸಲು ಹೋದರೆ ಕಂಪ್ಯೂಟರ್ ನಿಂತೇ ಹೋಗುತ್ತದೆ. ದೊಡ್ಡ ಕಂಪ್ಯೂಟರ್ ಬೇಕೇ?

ಮೊದಲು ಲೆಕ್ಕ ಹಾಕಿ. 4,096 × 4,096ರ ಚಿತ್ರದಲ್ಲಿ 1,67,77,216 ಪಿಕ್ಸೆಲ್‌ಗಳಿವೆ. ಡಿಸ್ಕಿನಲ್ಲಿ 16 ಬಿಟ್ ಆಗಿ ಅದು ಸುಮಾರು 33.5 ಎಂಬಿ, ಪೈಥಾನ್‌ನಲ್ಲಿ 64 ಬಿಟ್ ದಶಾಂಶಕ್ಕೆ ಬದಲಾದರೆ ಸುಮಾರು 134 ಎಂಬಿ, ಅಂಥ ಅರವತ್ತು ಸೇರಿದರೆ 8 ಜಿಬಿ. ಫ್ಲೋಟ್32 ಬಳಸಿದರೆ ಇದು ನೇರವಾಗಿ ಅರ್ಧಕ್ಕಿಳಿಯುತ್ತದೆ, ಗೇನ್‌ನಂಥ ತಿದ್ದುಪಡಿಗಳಿಗೆ ಬೇಕಾದ ನಿಖರತೆಗೆ ಅದು ಸಾಕು. ಅದೂ ಹೆಚ್ಚೆನಿಸಿದರೆ, ಮಧ್ಯಾಂಕ ತೆಗೆಯಲು ಎಲ್ಲ ಚಿತ್ರಗಳ ಅದೇ ಪಿಕ್ಸೆಲ್ ಒಟ್ಟಿಗೆ ಬೇಕೇ ಹೊರತು ಇಡೀ ಚಿತ್ರಗಳು ಒಟ್ಟಿಗೆ ಬೇಕಿಲ್ಲ ಎಂಬುದನ್ನು ನೆನಪಿಡಿ: ಪ್ರತಿ ಚಿತ್ರದಿಂದ ಇನ್ನೂರು ಸಾಲುಗಳ ಪಟ್ಟಿಯನ್ನಷ್ಟೇ ಓದಿ, ಒಟ್ಟುಗೂಡಿಸಿ, ಬರೆದು, ಮುಂದಿನ ಪಟ್ಟಿಗೆ ಹೋಗಬಹುದು. ಸಿಸಿಡಿಪ್ರಾಕ್‌ನ ಕಂಬೈನ್‌ಗೆ ಮೆಮೊರಿಯ ಮಿತಿಯನ್ನು ಹೇಳಿಬಿಟ್ಟರೆ ಈ ವಿಭಜನೆಯನ್ನು ಅದೇ ಮಾಡಿಕೊಳ್ಳುತ್ತದೆ. ವೆರಾ ರೂಬಿನ್ ವೀಕ್ಷಣಾಲಯದ 3,200 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರಗಳನ್ನೂ ಆರಂಭದ ಹಂತಗಳಲ್ಲಿ ಸಂಸ್ಕರಿಸುವುದು ಅದರ 189 ಸಂವೇದಕಗಳಿಗೆ ಒಂದೊಂದಾಗಿ ಬಿಡಿಸಿಯೇ. ಅವುಗಳಲ್ಲಿ ಪ್ರತಿಯೊಂದೂ ಸುಮಾರು 4,000 × 4,000 ಪಿಕ್ಸೆಲ್‌ಗಳದು, ಅಂದರೆ ಹೆಚ್ಚುಕಡಿಮೆ ನೀವು ಈಗ ತೆರೆದಿರುವ ಚಿತ್ರದಷ್ಟೇ.